ಅಮ್ಮನ ಟ್ರಂಕಿನಲ್ಲಿ ಸಿಕ್ಕ ಕೀಲಿ ಸೈಕಲ್: ಹೊಸ ಬಣ್ಣ ಹೊಡೆಯಲೇ, ಬೇಡವೇ?

ಸೋದರಳಿಯ · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಾನಿಲ್ಲಿ ಹೊಸಬ, ತಿಳಿದವರು ದಾರಿ ತೋರಿಸಿ.

ಅಮ್ಮನ ಹಳೇ ಟ್ರಂಕಿನ ತಳದಲ್ಲಿ ಬಟ್ಟೆ ಸುತ್ತಿಟ್ಟ ಆಟಿಕೆಯೊಂದು ಸಿಕ್ಕಿದೆ. ಕೀಲಿ ಕೊಟ್ಟರೆ ಓಡುವ, ತಗಡಿನ ಮೂರು ಗಾಲಿ ಸೈಕಲ್. ಮೇಲೆ ಟೋಪಿ ಹಾಕಿಕೊಂಡ ಪುಟ್ಟ ಹುಡುಗ ಕೂತಿದ್ದಾನೆ. ಹಿಂದುಗಡೆ ಒಂದು ಗಂಟೆ. ಅಂಗೈ ಮೇಲೆ ನಿಲ್ಲುವಷ್ಟೇ ದೊಡ್ಡದು. ಇದು ನನ್ನ ಸೋದರಮಾವನದು. ಮಾವ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಮ್ಮನಿಗೆ ಈಗ ಎಂಬತ್ತೊಂದು.

ಗಾಲಿಗಳ ಅಂಚಿಗೆ, ಸೀಟಿನ ಕೆಳಗೆ ತುಕ್ಕು ಹಿಡಿದಿದೆ. ಕೆಂಪು ಬಣ್ಣ ಅಲ್ಲಲ್ಲಿ ಕಿತ್ತು ಬಂದಿದೆ. ಹುಡುಗನ ಎಡ ಭುಜದಲ್ಲಿ ಒಂದು ಬಿರುಕು. ಕೀಲಿ ಬಿಗಿಯಾಗಿ ನಿಂತುಬಿಟ್ಟಿದೆ, ಕೂದಲೆಳೆಯಷ್ಟೂ ತಿರುಗುವುದಿಲ್ಲ. ಚಿಕ್ಕವಳಿದ್ದಾಗ ತಾನೇ ಕೀಲಿ ಜಾಸ್ತಿ ತಿರುಗಿಸಿ ಕೆಡಿಸಿದೆ, ಅವತ್ತು ತಮ್ಮ ತುಂಬಾ ಅತ್ತಿದ್ದ ಎಂದು ಅಮ್ಮ ಹೇಳುತ್ತಾರೆ. ಅದನ್ನು ಹೇಳುವಾಗ ಈಗಲೂ ಅವರ ದನಿ ಸಣ್ಣದಾಗುತ್ತದೆ.

ನನ್ನ ಯೋಚನೆ ಇಷ್ಟು: ಹಾಟ್ ಏರ್ ಗನ್ನಿನಿಂದ ಸ್ವಲ್ಪ ಕಾಯಿಸಿ ಕೀಲಿ ಸಡಿಲ ಮಾಡುವುದು, ಸ್ಯಾಂಡ್‌ಪೇಪರ್ ಹಾಕಿ ತುಕ್ಕು ತೆಗೆಯುವುದು, ಕೆಂಪು ಸ್ಪ್ರೇ ಪೇಂಟ್ ಹೊಡೆಯುವುದು. ಪೇಂಟ್ ತಂದಿಟ್ಟಿದ್ದೇನೆ. ಹೊಸದರಂತೆ ಮಾಡಿ ಅಮ್ಮನಿಗೆ ತೋರಿಸಿ, ಆಮೇಲೆ ನನ್ನ ಮೂರು ವರ್ಷದ ಮಗಳಿಗೆ ಆಡಲು ಕೊಡಬೇಕೆಂದಿದ್ದೇನೆ. ಈ ಕ್ರಮ ಸರಿಯೇ?

ಕೈಕೆಲಸ · ಭಾನುವಾರ ಬೆಳಿಗ್ಗೆ

ಸರಿಯಾಗಿದೆ ಸರ್. ಸ್ಯಾಂಡ್‌ಪೇಪರ್ 400ರಿಂದ ಶುರು ಮಾಡಿ 800ಕ್ಕೆ ಹೋಗಿ. ಪ್ರೈಮರ್ ಮರೆಯಬೇಡಿ, ಇಲ್ಲದಿದ್ದರೆ ತಗಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ನಾನು ಹಳೇ ಮರದ ತೂಗುಕುದುರೆಯೊಂದನ್ನು ಹೀಗೇ ಹೊಸದು ಮಾಡಿದ್ದೆ, ಈಗ ಮನೆಯ ಮೂರನೇ ಮಗು ಅದರ ಮೇಲೆ ಆಡುತ್ತಿದೆ.

ಕಪಾಟಿನ ಕಾವಲು · ಭಾನುವಾರ ಮಧ್ಯಾಹ್ನ

ಸರ್, ದಯವಿಟ್ಟು ಹಾಟ್ ಏರ್ ಗನ್ ಕೆಳಗಿಡಿ. ಬಣ್ಣದ ಮಾತು ಆಮೇಲೆ ಆಡೋಣ, ಮೊದಲು ಇದಕ್ಕೆ ಉತ್ತರ ಕೊಡಿ: ಸೈಕಲ್ ತಗಡಿನದು ಎಂದಿರಿ. ಆ ಹುಡುಗ ಯಾವುದರಿಂದ ಮಾಡಿದ್ದು? ತುಂಬಾ ಹಗುರವಾಗಿ, ತೆಳ್ಳಗೆ, ಒಳಗೆ ಟೊಳ್ಳಾಗಿ, ಮೈಯ ಎರಡು ಹೋಳು ಕೂಡಿಸಿದ ಗೆರೆ ಪಕ್ಕದಲ್ಲಿ ಕಾಣುವ ಹಾಗೆ ಇದ್ದರೆ ಅದು ಸೆಲ್ಯುಲಾಯ್ಡ್ ಆಗಿರುವ ಸಾಧ್ಯತೆ ಬಹಳ.

ಹಾಗಿದ್ದರೆ ಅದರ ಹತ್ತಿರ ಬಿಸಿಗಾಳಿ, ಬೆಂಕಿಕಡ್ಡಿ, ಬೆಸುಗೆ ಕಡ್ಡಿ ಯಾವುದೂ ಸುಳಿಯಬಾರದು. ಸೆಲ್ಯುಲಾಯ್ಡ್ ಎಂದರೆ ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದ ಸೆಲ್ಯುಲೋಸ್‌ಗೆ ಕರ್ಪೂರ ಸೇರಿಸಿ ಮಾಡಿದ ವಸ್ತು. ಹಳೇ ಕಾಲದ ಸಿನಿಮಾ ರೀಲುಗಳು ಇದೇ ಕುಲದವು. ಒಮ್ಮೆ ಹತ್ತಿಕೊಂಡರೆ ಕಣ್ಣು ಮಿಟುಕಿಸುವುದರೊಳಗೆ ಉರಿದುಹೋಗುತ್ತದೆ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ಬಟ್ಟೆ ಮುಚ್ಚಿ ಗಾಳಿ ತಡೆದರೂ ಆರುವುದಿಲ್ಲ.

ಗುರುತಿಸಲು ಬಿಸಿ ಸೂಜಿ ಚುಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹುಡುಗನ ಬೆನ್ನನ್ನು ಬೆರಳಲ್ಲಿ ಹತ್ತಾರು ಸಲ ಮೆತ್ತಗೆ ಉಜ್ಜಿ, ತಕ್ಷಣ ಮೂಸಿ ನೋಡಿ.

ಸೋದರಳಿಯ · ಭಾನುವಾರ ಮಧ್ಯಾಹ್ನ

ಮೇಡಂ, ಕರ್ಪೂರದ ವಾಸನೆ ಬಂತು. ಸ್ಪಷ್ಟವಾಗಿ. ಟ್ರಂಕಿನಲ್ಲಿ ಹುಳು ಬರದಿರಲೆಂದು ಇಟ್ಟಿದ್ದ ಕರ್ಪೂರದ ವಾಸನೆ ಎಂದುಕೊಂಡಿದ್ದೆ. ಹೋಳು ಕೂಡಿಸಿದ ಗೆರೆಯೂ ಇದೆ, ಕಿವಿಯಿಂದ ಸೊಂಟದವರೆಗೆ.

ಗನ್ ವಾಪಸ್ ಒಳಗಿಟ್ಟೆ. ಕೈ ಸ್ವಲ್ಪ ನಡುಗಿತು. ಇದನ್ನು ನಾನು ನಾಲ್ಕನೇ ತರಗತಿಯ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುವವನಿದ್ದೆ.

ಕಪಾಟಿನ ಕಾವಲು · ಭಾನುವಾರ ಸಂಜೆ

ಹೆದರಬೇಡಿ. ಕಪಾಟಿನಲ್ಲಿ ಇಟ್ಟರೆ ಅದು ತನ್ನಷ್ಟಕ್ಕೆ ಸಿಡಿಯುವ ವಸ್ತುವೇನಲ್ಲ. ಟೇಬಲ್ ಟೆನಿಸ್ ಚೆಂಡುಗಳು 2014ರ ತನಕ ಸೆಲ್ಯುಲಾಯ್ಡಿನವೇ ಆಗಿದ್ದವು, ನಾವೆಲ್ಲ ಅವನ್ನು ಹಿಡಿದು ಆಡಿದವರೇ. ಬಿಸಿ ಮತ್ತು ಕಿಡಿಯಿಂದ ದೂರವಿಟ್ಟರೆ ಸಾಕು.

ಇನ್ನೊಂದು ವಿಷಯ. ಸೆಲ್ಯುಲಾಯ್ಡ್ ಹಳೆಯದಾದಂತೆ ಅದರಿಂದ ಆಮ್ಲದ ಆವಿ ಬಿಡುಗಡೆಯಾಗುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಆ ಆವಿ ಅಲ್ಲೇ ಸುತ್ತಿ ಗೊಂಬೆಯನ್ನೂ ತಿನ್ನುತ್ತದೆ, ಪಕ್ಕದ ತಗಡಿಗೂ ತುಕ್ಕು ಹಿಡಿಸುತ್ತದೆ. ನಿಮ್ಮ ಸೀಟಿನ ಕೆಳಗಿನ ತುಕ್ಕಿಗೆ ಅದೂ ಒಂದು ಕಾರಣವಿರಬಹುದು. ಗೊಂಬೆಯ ಮೈ ಅಂಟಂಟಾಗಿದೆಯೇ, ಬೆವರಿದಂತೆ ಹನಿ ಇದೆಯೇ, ಮೈಯೊಳಗೆ ಜೇಡನ ಬಲೆಯಂಥ ಸೀಳುಗಳಿವೆಯೇ ಎಂದು ಹಗಲು ಬೆಳಕಲ್ಲಿ ನೋಡಿ ಹೇಳಿ.

ತಗಡು ಬಸ್ಸು · ಭಾನುವಾರ ರಾತ್ರಿ

ಸ್ಪ್ರೇ ಡಬ್ಬಿ ತೆರೆಯುವ ಮೊದಲು ನನ್ನ ಕಥೆ ಕೇಳಿ ಅಣ್ಣ.

ನನ್ನ ಹತ್ತಿರ ಅಪ್ಪನ ತಗಡಿನ ಬಸ್ಸಿತ್ತು. ಕಿಟಕಿಗಳಲ್ಲಿ ಪ್ರಯಾಣಿಕರ ಮುಖಗಳನ್ನು ಮುದ್ರಿಸಿದ್ದರು. ಒಬ್ಬಳು ಹೆಂಗಸು ಮಗುವನ್ನು ಎತ್ತಿಕೊಂಡಿದ್ದಳು, ಒಬ್ಬರು ಪೇಪರ್ ಓದುತ್ತಿದ್ದರು. ಬಣ್ಣ ಇನ್ನಷ್ಟು ಹೋಗದಿರಲಿ ಎಂದು ಮೇಲೆ ವಾರ್ನಿಷ್ ಹೊಡೆದೆ. ಎರಡು ವರ್ಷಕ್ಕೆ ಹಳದಿಯಾಯಿತು. ಅದನ್ನು ತೆಗೆಯಲು ಥಿನ್ನರ್ ಹಚ್ಚಿದೆ. ಹತ್ತಿಯ ಜೊತೆ ಆ ಹೆಂಗಸು ಮತ್ತು ಮಗು ಎರಡೂ ಬಂದುಬಿಟ್ಟವು. ಹತ್ತಿ ಮೇಲೆ ಒಂದು ಗುಲಾಬಿ ಕಲೆ, ಅಷ್ಟೇ. ಅಪ್ಪ ಆ ಹೆಂಗಸಿಗೆ ಒಂದು ಹೆಸರಿಟ್ಟಿದ್ದರಂತೆ, ಚಿಕ್ಕಂದಿನಲ್ಲಿ.

ಈ ಆಟಿಕೆಗಳಲ್ಲಿ ನಾವು ಬಣ್ಣ ಅನ್ನುವುದು ಬಣ್ಣವೇ ಅಲ್ಲ, ಮುದ್ರಣ. ತಗಡಿನ ಮೇಲೆ ಆಫ್‌ಸೆಟ್ ಮುದ್ರಣದ ಪೇಟೆಂಟ್ ಇಂಗ್ಲೆಂಡಿನಲ್ಲಿ 1875ರಲ್ಲಿ ಆದದ್ದು. ಹಾಳೆಯ ಮೇಲೆ ಚಿತ್ರ ಅಚ್ಚು ಹಾಕಿ, ಆಮೇಲೆ ಕತ್ತರಿಸಿ, ಬಗ್ಗಿಸಿ, ಸಣ್ಣ ಸಣ್ಣ ಕಿವಿಗಳನ್ನು ಸೀಳಿಗೆ ತೂರಿಸಿ ಮಡಚುತ್ತಿದ್ದರು. ಕಾಗದದ ಮೇಲಿನ ಚಿತ್ರದಷ್ಟೇ ತೆಳುವಾದ ಪದರ ಅದು. ಸ್ಯಾಂಡ್‌ಪೇಪರ್ ಒಂದು ಸಲ ಹೋದರೆ ಮುಗಿಯಿತು, ಯಾವ ಬ್ರಷ್ಷಿನಿಂದಲೂ ಹಾಗೆ ಮತ್ತೆ ಬರೆಯಲಾಗುವುದಿಲ್ಲ.

ಕೈಕೆಲಸ · ಸೋಮವಾರ ಬೆಳಿಗ್ಗೆ

ಸೆಲ್ಯುಲಾಯ್ಡ್ ವಿಷಯ ನನಗೆ ಹೊಳೆಯಲೇ ಇಲ್ಲ, ಆ ಸಲಹೆ ಕೊಟ್ಟಿದ್ದಕ್ಕೆ ಕ್ಷಮಿಸಿ. ಆದರೆ ಬಣ್ಣದ ವಿಷಯದಲ್ಲಿ ನನ್ನ ಮಾತು ಬೇರೆ. ಆಟಿಕೆ ಮಾಡಿದ್ದು ಆಡುವುದಕ್ಕೆ. ಗಾಜಿನೊಳಗೆ ಇಟ್ಟು "ಮುಟ್ಟಬೇಡ" ಎಂದು ಮಗುವಿಗೆ ಹೇಳುವುದಾದರೆ ಅದು ಆಟಿಕೆಯಾಗಿ ಉಳಿಯಿತೇ? ನನ್ನ ಕುದುರೆಯ ಮೈಮೇಲೆ ಹಳೇ ಬಣ್ಣ ಒಂದು ಬೆರಳಗಲವೂ ಇರಲಿಲ್ಲ, ಮರ ಬಿಳಿಚಿತ್ತು, ಒಂದು ಕಾಲು ಸಡಿಲವಾಗಿತ್ತು. ನಾನು ಹಾಗೇ ಬಿಟ್ಟಿದ್ದರೆ ಅದು ಸೌದೆಯಾಗುತ್ತಿತ್ತು. ಹೊಸ ಬಣ್ಣ ಬಂದದ್ದರಿಂದ ಅದಕ್ಕೆ ಇನ್ನೊಂದು ಬಾಳು ಸಿಕ್ಕಿತು.

ಕಪಾಟಿನ ಕಾವಲು · ಸೋಮವಾರ ಮಧ್ಯಾಹ್ನ

ನಿಮ್ಮ ಕುದುರೆಗೆ ನೀವು ಮಾಡಿದ್ದು ಸರಿ ಎಂದೇ ನನಗನ್ನಿಸುತ್ತದೆ. ಮೂಲದ ಬಣ್ಣ ಪೂರ್ತಿ ಹೋದ ಮೇಲೆ, ಮರ ಗಟ್ಟಿ ಇದ್ದಾಗ, ಕೀಲು ಬಿಗಿ ಮಾಡಿ ಹೊಸ ಬಣ್ಣ ಕೊಡುವುದರಿಂದ ಕಳೆದುಹೋಗುವುದೇನೂ ಇಲ್ಲ. ಈ ಸೈಕಲ್ಲಿನಲ್ಲಿ ಹಾಗಲ್ಲ. ಮುಕ್ಕಾಲು ಪಾಲು ಮುದ್ರಣ ಇನ್ನೂ ಉಳಿದಿದೆ.

ಹಳೇ ವಸ್ತುಗಳನ್ನು ಕಾಪಾಡುವ ನನ್ನ ಕೆಲಸದಲ್ಲಿ ನಾನು ಪಾಲಿಸುವುದು ಒಂದೇ ಮಾತು: ಇವತ್ತು ಮಾಡಿದ್ದನ್ನು ನಾಳೆ ಇನ್ನೊಬ್ಬರು ಬಿಚ್ಚಲು ಬರಬೇಕು. ಮೇಣ ಹಚ್ಚಿದರೆ ಒರೆಸಿ ತೆಗೆಯಬಹುದು. ಸ್ಪ್ರೇ ಪೇಂಟ್ ತೆಗೆಯಲು ಹೋದರೆ ಕೆಳಗಿನದ್ದೂ ಜೊತೆಗೆ ಬರುತ್ತದೆ. ಬಸ್ಸಿನವರು ಹೇಳಿದ್ದು ಅದನ್ನೇ.

ಮಗು ಆಡುವ ವಿಷಯಕ್ಕೆ ಬಂದರೆ, ಬಣ್ಣ ಹೊಸದಾದರೂ ಹಳೆಯದಾದರೂ ಮೂರು ವರ್ಷದ ಮಗುವಿನ ಕೈಗೆ ಇದನ್ನು ಕೊಡಲೇಬಾರದು. ಆ ಕಾಲದ ಮುದ್ರಣ ಶಾಯಿಯಲ್ಲಿ, ಬೆಸುಗೆಯಲ್ಲಿ ಸೀಸ ಇರಬಹುದು. ಮಕ್ಕಳ ಆಟಿಕೆಯ ಬಣ್ಣದಲ್ಲಿ ಸೀಸವನ್ನು ಅಮೆರಿಕದಂಥ ದೇಶವೂ ನಿಷೇಧಿಸಿದ್ದು 1978ರಲ್ಲಿ. ಸ್ಯಾಂಡ್‌ಪೇಪರ್ ಹಾಕಿ ಒಣಗಿಯೇ ಉಜ್ಜಿದರೆ ಆ ಧೂಳು ಮೊದಲು ಹೋಗುವುದು ನಿಮ್ಮ ಮತ್ತು ಮಕ್ಕಳ ಶ್ವಾಸಕ್ಕೆ. ಜೊತೆಗೆ ತಗಡಿನ ಕಿವಿಗಳು ಬ್ಲೇಡಿನಂತೆ ಚೂಪು, ಗೊಂಬೆಯಂತೂ ಸೆಲ್ಯುಲಾಯ್ಡ್. ನೀವು ಕೀಲಿ ಕೊಡಿ, ಮಗಳು ನೋಡಲಿ. ಓಡುವುದನ್ನು ನೋಡುವುದೂ ಆಟವೇ.

ಗಡಿಯಾರದ ಕಾಕಾ · ಸೋಮವಾರ ರಾತ್ರಿ

ತಮ್ಮಾ, ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡೀನಿ. ಬಣ್ಣದ ಮಾತು ನನಗ ತಿಳಿಯೂದಿಲ್ಲ, ಸ್ಪ್ರಿಂಗಿನ ಮಾತು ಹೇಳ್ತೀನಿ ಕೇಳು.

"ಕೀಲಿ ಜಾಸ್ತಿ ಕೊಟ್ಟು ಕೆಟ್ಟೈತಿ" ಅಂತ ಎಲ್ಲಾರೂ ಹೇಳ್ತಾರ. ನನ್ನ ಅಂಗಡಿಗೆ ಬಂದ ಎಷ್ಟೋ ಗಡಿಯಾರ ಇದs ಮಾತು ಹೇಳಿಕೋತ ಬಂದಾವು. ಹಂಗ ಕೆಡೂದು ಅನ್ನೂದs ಇಲ್ಲ. ಕೀಲಿ ಪೂರ್ತಿ ಕೊಟ್ಟ ಮ್ಯಾಲೆ ಸ್ಪ್ರಿಂಗ್ ಸುತ್ತಿಕೊಂಡು ನಿಂದರ್ತೈತಿ, ಅಷ್ಟs. ಅದು ಬಿಚ್ಚಿಕೊಳ್ಳಾಕ ಬಿಡದಂಗ ಬ್ಯಾರೆ ಏನೋ ಅಡ್ಡ ನಿಂತಿರ್ತೈತಿ. ಗಟ್ಟಿಯಾದ ಎಣ್ಣಿ, ತುಕ್ಕು, ಬಾಗಿದ ಹಲ್ಲು, ಸಿಕ್ಕ ಕಸ. ಇನ್ನ ಬಲ ಹಾಕಿ ತಿರುವಿ ಸ್ಪ್ರಿಂಗ್ ಮುರಿದಿದ್ದರ, ಕೀಲಿ ಸಡ್ಲಾಗಿ ಗರಗರ ತಿರಗತಿತ್ತು. ನಿಂದು ಬಿಗಿಯಾಗಿ ನಿಂತೈತಿ ಅಂದಿ. ಅಂದ್ರ ಸ್ಪ್ರಿಂಗ್ ಮುರಿದಿಲ್ಲ, ಇನ್ನೂ ಸುತ್ತಿಕೊಂಡs ಕುಂತೈತಿ. ಅವತ್ತು ಕೊಟ್ಟ ಕೀಲಿ ಇವತ್ತಿಗೂ ಅದರೊಳಗ ಐತಿ ಅಂತ ತಿಳಕೋ.

ಅದಕ್ಕs ಹೇಳ್ತೀನಿ: ಕಿವಿ ಬಿಚ್ಚಬ್ಯಾಡ. ಸುತ್ತಿಕೊಂಡ ಸ್ಪ್ರಿಂಗ್ ಒಮ್ಮೆಲೇ ಹಾರಿದ್ರ ಬೆರಳಿಗೆ ಗಾಯ ಮಾಡ್ತೈತಿ, ಹಲ್ಲು ಮುರೀತೈತಿ. ಕೀಲಿ ಹಿಂದಕ್ಕ ತಿರುವಬ್ಯಾಡ, ಕೆಲವು ಆಟಿಗಿಯೊಳಗ ಕೀಲಿ ತಿರುಪಿನ್ಯಾಗ ಕುಂತಿರ್ತೈತಿ, ಹಿಂದಕ್ಕ ತಿರುವಿದ್ರ ಕಿತ್ತು ಬರ್ತೈತಿ. ಮೊದಲು ಟಾರ್ಚ್ ಹಿಡಿದು ಕೆಳಗಿಂದ ಒಳಗ ನೋಡು.

ಸೋದರಳಿಯ · ಮಂಗಳವಾರ ರಾತ್ರಿ

ಕಾಕಾ, ನಮಸ್ಕಾರ. ನಿಮ್ಮ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ಅಮ್ಮನಿಗೆ ಇನ್ನೂ ಹೇಳಿಲ್ಲ, ಕಾರಣ ಖಚಿತವಾಗಲಿ ಎಂದು.

ಮೇಡಂ, ಗೊಂಬೆ ಒಣಗಿದೆ, ಅಂಟಿಲ್ಲ, ಹನಿಯಿಲ್ಲ. ಭುಜದ ಬಿರುಕು ಒಂದೇ. ಅದಕ್ಕೆ ಫೆವಿಕ್ವಿಕ್ ಹಾಕಬಹುದೇ?

ಸೈಕಲ್ಲಿನ ತಳದಲ್ಲಿ ಸಣ್ಣ ಅಕ್ಷರಗಳಿವೆ. ಭೂತಗನ್ನಡಿ ಹಿಡಿದು ಓದಿದೆ: "ಮೇಡ್ ಇನ್ ಆಕ್ಯುಪೈಡ್ ಜಪಾನ್". ಒಳಮೈಯಲ್ಲಿ ಬೇರೇನೋ ಹಸಿರು ಅಕ್ಷರದ ಅರ್ಧ ಕಾಣುತ್ತದೆ, ಅದಕ್ಕೂ ಸೈಕಲ್ಲಿಗೂ ಸಂಬಂಧವೇ ಇದ್ದಂತಿಲ್ಲ.

ತಗಡು ಬಸ್ಸು · ಮಂಗಳವಾರ ರಾತ್ರಿ

ಅಣ್ಣ, ಇಷ್ಟು ನಿಖರವಾಗಿ ಕಾಲ ಹೇಳುವ ಗುರುತು ಬೇರೆ ಸಿಗುವುದು ಕಷ್ಟ! ಎರಡನೇ ಮಹಾಯುದ್ಧದಲ್ಲಿ ಸೋತ ಮೇಲೆ ಜಪಾನ್ 1945ರಿಂದ 1952ರ ಏಪ್ರಿಲ್ ತನಕ ಮಿತ್ರಪಡೆಗಳ ಆಡಳಿತದಲ್ಲಿತ್ತು. ಆ ಅವಧಿಯಲ್ಲಿ ರಫ್ತಾದ ಸಾಮಾನಿನ ಮೇಲೆ ಈ ಗುರುತು. ಅದೇ ಕಾಲದ ಜರ್ಮನಿಯ ಆಟಿಕೆಗಳಲ್ಲಿ "ಯು.ಎಸ್. ಝೋನ್ ಜರ್ಮನಿ" ಎಂದಿರುತ್ತದೆ. ಬೇರೆ ಆಟಿಕೆ ಇರುವವರಿಗೂ ಒಂದು ಎಚ್ಚರಿಕೆ: ತಳದಲ್ಲಿ ಬರೀ ಪೇಟೆಂಟ್ ವರ್ಷ ಇದ್ದರೆ ಅದನ್ನು ತಯಾರಾದ ವರ್ಷ ಎಂದುಕೊಳ್ಳಬೇಡಿ. ಪೇಟೆಂಟ್ ಆದ ಎಷ್ಟೋ ವರ್ಷದ ಮೇಲೂ ಅದೇ ಅಚ್ಚು ಓಡುತ್ತಿತ್ತು.

ಆ ಹಸಿರು ಅಕ್ಷರವನ್ನು ಯಾವ ಕಾರಣಕ್ಕೂ ಉಜ್ಜಬೇಡಿ. ಯುದ್ಧ ಮುಗಿದಾಗ ಜಪಾನಿನಲ್ಲಿ ತಗಡಿಗೆ ತೀರಾ ಬರ. ಸೈನಿಕರು ಬಿಸಾಡಿದ ಡಬ್ಬಗಳನ್ನು ಆರಿಸಿ, ಸೀಳಿ, ಚಪ್ಪಟೆ ಮಾಡಿ ಆಟಿಕೆ ಮಾಡಿದರು. ಡಬ್ಬದ ಹೊರಮೈ ಆಟಿಕೆಯ ಒಳಮೈಯಾಯಿತು. ನಿಮ್ಮ ಮಾವನ ಸೈಕಲ್ಲೂ ಮೊದಲು ಯಾವುದೋ ಡಬ್ಬವಾಗಿತ್ತೋ ಏನೋ!

ಕಪಾಟಿನ ಕಾವಲು · ಬುಧವಾರ ಬೆಳಿಗ್ಗೆ

ಫೆವಿಕ್ವಿಕ್ ಬೇಡ. ಅದು ಬಿಳಿಚುತ್ತದೆ, ಗಡುಸಾಗಿ ಪಕ್ಕದಲ್ಲೇ ಹೊಸ ಬಿರುಕು ಬಿಡಿಸುತ್ತದೆ, ಆಮೇಲೆ ಬಿಡಿಸಲೂ ಆಗದು. ಉಗುರುಬಣ್ಣ ತೆಗೆಯುವ ಅಸಿಟೋನ್ ಅಂತೂ ಸೆಲ್ಯುಲಾಯ್ಡನ್ನೇ ಕರಗಿಸಿಬಿಡುತ್ತದೆ. ತೋಳು ಬೀಳದಿದ್ದರೆ ಹಾಗೇ ಬಿಡಿ. ಬಿದ್ದರೆ ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ಏನೆಂದು ಬರೆದು, ಜೊತೆಗಿಡಿ.

ಇನ್ನು ತಗಡು ಶುಚಿ ಮಾಡುವುದು. ಇದನ್ನು ಅವಸರದಲ್ಲಿ ಮಾಡಬೇಡಿ, ಎರಡು ಮೂರು ಸಂಜೆ ಇಟ್ಟುಕೊಳ್ಳಿ. ಮೊದಲ ಸಂಜೆ ನೀರೂ ಬೇಡ, ಮೆತ್ತನೆ ಬ್ರಷ್ಷಿನಲ್ಲಿ ಒಣ ಧೂಳು ಮಾತ್ರ. ಬಣ್ಣ ಎದ್ದಿರುವ ಕಡೆ ಬ್ರಷ್ ಕೂಡ ಬೇಡ, ಎದ್ದ ಚಕ್ಕೆ ಒಡೆದು ಬರುತ್ತದೆ. ಮುಂದಿನದು, ಡಿಸ್ಟಿಲ್ಡ್ ವಾಟರಿಗೆ ಕ್ಷಾರವಿಲ್ಲದ ಮೆದು ಸೋಪಿನ ಒಂದೇ ಹನಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದ್ದಿ, ಹಿಂಡಿ, ತಳದಲ್ಲಿ ಕಾಣದ ಒಂದು ಮೂಲೆಯಲ್ಲಿ ಉರುಳಿಸಿ ನೋಡಿ. ಉಜ್ಜಬೇಡಿ, ಉರುಳಿಸಿ. ಹತ್ತಿಗೆ ಕಂದು ಕೊಳೆ ಬಂದರೆ ಮುಂದುವರಿಸಿ, ಕೆಂಪು ಬಂದರೆ ಅಲ್ಲಿಗೇ ನಿಲ್ಲಿಸಿ. ನಮ್ಮಲ್ಲಿ ಇಂಥ ಕಡೆ ಬರೀ ಎಂಜಲು ಬಳಸುತ್ತೇವೆ. ಹೌದು, ಬಾಯಿಯ ಎಂಜಲೇ. ಅದರಲ್ಲಿರುವ ಕಿಣ್ವಗಳು ಕೈಜಿಡ್ಡನ್ನು ಮೆತ್ತಗೆ ಬಿಡಿಸುತ್ತವೆ. ಸೀಸದ ಅನುಮಾನ ಇರುವಾಗ ಮಾತ್ರ ಕಡ್ಡಿಯನ್ನು ಮತ್ತೆ ಬಾಯಿಗೆ ಇಡಬಾರದು, ಪ್ರತಿ ಸಲ ಹೊಸದು ತೆಗೆದುಕೊಳ್ಳಿ. ಅಂಗುಲ ಅಂಗುಲ ಮುಗಿಸಿ, ಮುಗಿದದ್ದನ್ನು ಕೂಡಲೇ ಒಣ ಬಟ್ಟೆಯಲ್ಲಿ ಒತ್ತಿ.

ತುಕ್ಕಿಗೆ ನಿಂಬೆ, ವಿನೆಗರ್ ಎಂದು ಬಹಳ ಜನ ಹೇಳುತ್ತಾರೆ. ಹಿತ್ತಾಳೆ ಪಾತ್ರೆಗೆ ಅದು ಸರಿ. ಇಲ್ಲಿ ಅದು ತವರದ ತೆಳು ಲೇಪವನ್ನೂ ತಿನ್ನುತ್ತದೆ, ಶಾಯಿಯನ್ನೂ ಬಿಡಿಸುತ್ತದೆ. ಬರೀ ತಗಡು ಕಾಣುವ ಕಡೆ ಒಂದಿಷ್ಟು ತೆಳು ಯಂತ್ರದ ಎಣ್ಣೆ ಮುಟ್ಟಿಸಿ, ಒಂದು ದಿನ ಬಿಟ್ಟು, ಬಿದಿರಿನ ಹಲ್ಲುಕಡ್ಡಿಯಲ್ಲಿ ಕೆರೆಯಿರಿ. ಪುಡಿಪುಡಿಯಾಗಿ ಉದುರುವ ತುಕ್ಕು ಮಾತ್ರ ಹೋಗಲಿ. ಗಟ್ಟಿಯಾಗಿ ಕೂತ ಕಂದು ಕಲೆ ಇರಲಿ ಬಿಡಿ. ಎಣ್ಣೆ ಗೊಂಬೆಗೆ ತಾಗದಿರಲಿ. ಕೊನೆಗೆ ತಗಡಿಗೆ ಮೈಕ್ರೋಕ್ರಿಸ್ಟಲಿನ್ ಮೇಣ (ಪೆಟ್ರೋಲಿಯಂನಿಂದ ತೆಗೆದ ನಯವಾದ ಮೇಣ), ಬೆರಳ ತುದಿಯಷ್ಟು.

ಸೋದರಳಿಯ · ಭಾನುವಾರ ಸಂಜೆ

ನಾಲ್ಕು ಸಂಜೆ ಹಿಡಿಯಿತು. ಎಪ್ಪತ್ತು ಹತ್ತಿಕಡ್ಡಿ. ಕೆಂಪು ಎಂದುಕೊಂಡಿದ್ದೆನಲ್ಲ, ಅದರ ಮೇಲೆ ಹಳದಿಯ ಸಣ್ಣ ಗೆರೆ ಇದೆ! ಗಾಲಿಯ ಕಡ್ಡಿಗಳ ನಡುವೆ ನೀಲಿ ಇದೆ. ಇದರ ಮೇಲೆ ನಾನು ಸ್ಪ್ರೇ ಹೊಡೆಯುವವನಿದ್ದೆ ಎಂದು ನೆನೆದರೆ ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ. ತುಕ್ಕಿನ ಕಲೆಗಳು ಉಳಿದಿವೆ, ಈಗ ಅವು ಕಣ್ಣಿಗೆ ಚುಚ್ಚುತ್ತಿಲ್ಲ.

ಕಾಕಾ, ಟಾರ್ಚ್ ಹಾಕಿ ನೋಡಿದೆ. ಹಿಂದಿನ ಗಾಲಿಗಳ ಅಚ್ಚಿಗೆ ದಾರ ಸುತ್ತಿದೆ. ಬಿಳಿಯೋ ಬೂದಿಯೋ, ಕೊಳೆಯಲ್ಲಿ ಗೊತ್ತಾಗುತ್ತಿಲ್ಲ. ಅದರ ಒಂದು ಸುತ್ತು ಹಲ್ಲುಚಕ್ರದ ಬಾಯಿಗೆ ಸಿಕ್ಕಿ ಅಲ್ಲೇ ಕೂತಿದೆ. ತುಕ್ಕು ಒಳಗೆ ಅಷ್ಟಿಲ್ಲ.

ಗಡಿಯಾರದ ಕಾಕಾ · ಭಾನುವಾರ ರಾತ್ರಿ

ಸಿಕ್ತು ನೋಡು ಕಳ್ಳ.

ಈಗ ಅವಸರ ಮಾಡಬ್ಯಾಡ ತಮ್ಮಾ. ದಾರ ಬಂದ ಕ್ಷಣಕ್ಕ ಸ್ಪ್ರಿಂಗ್ ಎಲ್ಲಾ ಒಮ್ಮೆಲೇ ಬಿಚ್ಚಿಕೊಳ್ತೈತಿ, ಒಣಗಿದ ಹಲ್ಲು ಅಷ್ಟು ರಭಸ ತಡಿಯೂದಿಲ್ಲ. ಒಬ್ಬರನ್ನ ಪಕ್ಕಕ್ಕ ಕುಂದ್ರಿಸಿಕೋ. ಅವರು ಹಿಂದಿನ ಎರಡೂ ಗಾಲಿ ಮೆತ್ತನ ಬಟ್ಟಿ ಹಾಕಿ ಹಿಡಕೊಳ್ಳಲಿ. ಗೊಂಬಿ ಹಿಡೀಬಾರದು. ಮೊದಲು ಅಚ್ಚಿನ ಎರಡೂ ತುದಿಗೆ ಗಡಿಯಾರದ ಎಣ್ಣಿ, ಸೂಜಿ ತುದಿಯಿಂದ ಒಂದೊಂದು ಹನಿ. ಹಲ್ಲಿಗೆ ಎಣ್ಣಿ ಬ್ಯಾಡ, ಧೂಳು ಹಿಡೀತೈತಿ. ರಾತ್ರಿ ಎಲ್ಲಾ ಬಿಡು. ಮರುದಿನ ಸಣ್ಣ ಚಿಮಟ, ಹಲ್ಲುಕಡ್ಡಿ ತಗೊಂಡು ದಾರದ ತುದಿ ಹುಡುಕಿ ಸುತ್ತು ಬಿಚ್ಚಿಕೋತ ಬಾ. ಬ್ಲೇಡ್ ಹಾಕಬ್ಯಾಡ. ದಾರ ಬಂದ ಮ್ಯಾಲೆ ಗಾಲಿ ಒಂದೊಂದs ಸುತ್ತು, ಬಟ್ಟಿಯೊಳಗs ತಿರುಗಾಕ ಬಿಡಬೇಕು. ಪೂರ್ತಿ ಇಳಿದ ಮ್ಯಾಲೆ ಮತ್ತ ಅರ್ಧ ಕೀಲಿ ಕೊಡು, ಅದಕ್ಕಿಂತ ಜಾಸ್ತಿ ಬ್ಯಾಡ. ವಯಸ್ಸಾದ ಸ್ಪ್ರಿಂಗ್ ಅದು.

ಕೈಕೆಲಸ · ಸೋಮವಾರ ಬೆಳಿಗ್ಗೆ

ದಾರ ಬಿಸಾಡಬೇಡಿ ಸರ್. ನಾನು ಕುದುರೆಯ ಹಳೇ ಲಗಾಮು ಎಸೆದುಬಿಟ್ಟೆ, ಈಗ ಅದರ ಚೂರಾದರೂ ಇರಬೇಕಿತ್ತು ಅನ್ನಿಸುತ್ತದೆ.

ಸೋದರಳಿಯ · ಬುಧವಾರ ರಾತ್ರಿ

ಗಾಲಿ ಹಿಡಿದುಕೊಂಡವರು ಅಮ್ಮ.

ಮೊದಲು ಬೇಡ ಅಂದರು, "ಮತ್ತೆ ನನ್ನ ಕೈಯಿಂದ ಕೆಡುವುದು ಬೇಡ" ಎಂದು. ಕಾಕಾ ಬರೆದದ್ದನ್ನು ಓದಿ ಹೇಳಿದೆ. ಒಂದು ಸಲ ಓದಿದೆ, ಇನ್ನೊಂದು ಸಲ ಓದು ಅಂದರು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಕೂತರು.

ದಾರ ಬಿಚ್ಚಲು ಒಂದು ಗಂಟೆ ಬೇಕಾಯಿತು. ಹೊರಗೆ ಬಂದಾಗ ಅಮ್ಮನೇ ಗುರುತು ಹಿಡಿದರು. ಸೈಕಲ್ ಓಡಿ ಓಡಿ ಮಂಚದ ಕೆಳಗೆ ಹೋಗಿಬಿಡುತ್ತಿತ್ತಂತೆ. ಎಳೆದುಕೊಳ್ಳಲು ಇರಲಿ ಎಂದು ಮಾವ ಅದರ ಹ್ಯಾಂಡಲ್ಲಿಗೆ ಹೊಲಿಗೆ ದಾರ ಕಟ್ಟಿದ್ದನಂತೆ. ಅವತ್ತು ಅಮ್ಮ ಪೂರ್ತಿ ಕೀಲಿ ಕೊಟ್ಟು ಬಿಟ್ಟಿದ್ದಾರೆ, ನಾಲ್ಕು ಹೆಜ್ಜೆ ಹೋಗಿ ನಿಂತಿದೆ. ದಾರ ಗಾಲಿಗೆ ಸಿಕ್ಕಿದ್ದು ಇಬ್ಬರಿಗೂ ಗೊತ್ತಾಗಿಲ್ಲ. ಅವರಿಗೆ ಎಂಟು ವರ್ಷ, ಮಾವನಿಗೆ ಐದು.

ದಾರ ಬಿಟ್ಟಾಗ ಗಾಲಿಗಳು ಅಮ್ಮನ ಕೈಯೊಳಗೆ ಬಟ್ಟೆಯಲ್ಲೇ ತಿರುಗಿದವು. ಅವರೇ ಹಿಡಿದು ಬಿಟ್ಟು ಹಿಡಿದು ಬಿಟ್ಟು ಇಳಿಸಿದರು. ಒಂದೊಂದು ಸುತ್ತಿಗೂ ಗಂಟೆ ಟಿಣ್ ಎನ್ನುತ್ತಿತ್ತು. ಗಂಟೆ ಬಾರಿಸುತ್ತದೆ ಎಂಬುದನ್ನು ಅಮ್ಮ ಮರೆತೇ ಬಿಟ್ಟಿದ್ದರು. ಆಮೇಲೆ ಅರ್ಧ ಕೀಲಿ ಕೊಟ್ಟು ನೆಲದ ಮೇಲೆ ಬಿಟ್ಟೆವು. ಎರಡೂವರೆ ಸುತ್ತು ಹಾಕಿತು. ಮಗಳು ದೂರದಲ್ಲಿ ಕೂತು ನೋಡಿದಳು, ನಿಂತ ಮೇಲೆ "ಅಜ್ಜೀ ಇನ್ನೊಂದ್ಸಲ" ಅಂದಳು. ಇನ್ನೊಂದು ಸಲ ಕೀಲಿ ಕೊಟ್ಟದ್ದು ಅಮ್ಮ.

ಕಪಾಟಿನ ಕಾವಲು · ಗುರುವಾರ ಬೆಳಿಗ್ಗೆ

ಓದಿ ಮನಸ್ಸು ತುಂಬಿ ಬಂತು. ಇನ್ನು ಟ್ರಂಕಿಗೆ ವಾಪಸ್ ಹಾಕಬೇಡಿ. ಗಾಳಿಯಾಡುವ ಕಪಾಟು, ನೇರ ಬಿಸಿಲು ಬೀಳದ ಜಾಗ, ತೇವ ಶೇಕಡ 40ರ ಆಸುಪಾಸು ಇದ್ದರೆ ಒಳ್ಳೆಯದು. ಆರು ತಿಂಗಳಿಗೊಮ್ಮೆ ಗೊಂಬೆಯ ಮೈ ನೋಡಿ. ದಾರವನ್ನು ಲಕೋಟೆಗೆ ಹಾಕಿ ತಾರೀಕು ಬರೆದು ಇಟ್ಟಿರಾ?

ಸೋದರಳಿಯ · ಗುರುವಾರ ರಾತ್ರಿ

ಲಕೋಟೆ ತಂದಿದ್ದೆ ಮೇಡಂ. ಅಮ್ಮ ಕೊಡಲಿಲ್ಲ, ಹ್ಯಾಂಡಲ್ಲಿಗೇ ಕಟ್ಟು ಅಂದರು. ಗಾಲಿಗೆ ತಾಗದ ಹಾಗೆ ಮೋಟಾಗಿ ಸುತ್ತಿ, ಸಡಿಲ ಗಂಟು ಹಾಕಿದ್ದೇನೆ. ಬಿಚ್ಚಲು ಬರುತ್ತದೆ.